ಬೀಜಕ್ಕೆ ಬಿಟ್ಟ ಕಾಯಿ: ಹಿತ್ತಲ ಬೀಜ ಸಂಗ್ರಹದ ಎಂಟು ಪಾಠಗಳು

ಆಳಂದ, ಅಫಜಲಪುರ, ಜೇವರ್ಗಿ ಎಂದರೆ ಹೊರಗಿನವರಿಗೆ ತೊಗರಿ ನೆನಪಾಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಆದರೆ ನಮ್ಮ ಜೋಳದ ರೊಟ್ಟಿಯ ಪಕ್ಕದಲ್ಲಿ ಬೇಳೆಗೆ ಇರುವಷ್ಟೇ ಜಾಗ ಪಲ್ಯಕ್ಕೂ ಇದೆ. ಪುಂಡಿ, ರಾಜಗಿರಿ, ಸಬ್ಬಸಗಿ, ಮೆಂತ್ಯ, ಚವಳಿಕಾಯಿ, ಹೀರೆ, ಅವರೆ ಎಲ್ಲವೂ ಹಿತ್ತಲಲ್ಲಿ ಬೆಳೆಯುವಂಥವು. ಇವುಗಳ ಬೀಜವನ್ನು ತಲೆಮಾರುಗಳಿಂದ ಕಾಯ್ದವರು ಮನೆಯ ಹೆಂಗಸರು. ಈಗ ಆ ಬೀಜದ ಗಂಟು ಅನೇಕ ಮನೆಗಳಲ್ಲಿ ಖಾಲಿಯಾಗಿದೆ. ಅದನ್ನು ಮತ್ತೆ ತುಂಬಲು ದೊಡ್ಡ ಖರ್ಚು ಬೇಡ. ಎರೆ ಮಣ್ಣಿನ ಹಿತ್ತಲಲ್ಲಿ ಬೀಜ ಕೂಡಿಟ್ಟು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಅಡುಗೆಮನೆಯ ಡಬ್ಬಿ ತೆಗೆಯಿರಿ

ಮೆಂತ್ಯ, ಕೊತ್ತಂಬರಿ ಕಾಳು, ಸಾಸಿವೆ, ಅಲಸಂದಿ, ಒಣ ಮೆಣಸಿನಕಾಯಿ: ಸಂಗ್ರಹದ ಮೊದಲ ಕಂತು ಮನೆಯಲ್ಲೇ ಇರುತ್ತದೆ. ಹುರಿಯದ, ಒಡೆಯದ, ಹಳತಾಗದ ಕಾಳಾದರೆ ಸಾಕು. ಕೊತ್ತಂಬರಿ ಕಾಳನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು, ಒಂದೊಂದು ಹೋಳಲ್ಲೂ ಒಂದೊಂದು ಬೀಜವಿದೆ. ನಿಮ್ಮ ಮನೆಯವರು ಏನು ಉಣ್ಣುತ್ತಾರೋ ಅದರ ಬೀಜವನ್ನೇ ಕೂಡಿಡಿ. ಉಣ್ಣದ ತರಕಾರಿಯ ಬೀಜ ಡಬ್ಬಿಯಲ್ಲೇ ಸಾಯುತ್ತದೆ.

2. ಕೊಳ್ಳುವುದಾದರೆ ಪೊಟ್ಟಣದ ಮೇಲೆ ಬರೆದದ್ದನ್ನು ಓದಿ

ಹೈಬ್ರಿಡ್ ಅಥವಾ ಎಫ್-1 ಎಂದಿದ್ದರೆ ಅದು ಒಂದು ಬೆಳೆಗೆ ಮಾತ್ರ. ಅದರ ಬೀಜ ಹಿಡಿದು ಬಿತ್ತಿದರೆ ಮುಂದಿನ ವರ್ಷ ಗಿಡಕ್ಕೊಂದು ಥರದ ಕಾಯಿ ಬರುತ್ತದೆ. ನಮಗೆ ಬೇಕಾದ್ದು ತಳಿ ಬೀಜ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ರಾಜಗಿರಿ ಇಂಥವು, ಒಮ್ಮೆ ಕೊಂಡರೆ ವರ್ಷ ವರ್ಷ ಬೀಜ ಹಿಡಿಯಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಮಾತ್ರ ಹೈಬ್ರಿಡ್. ಹೆಸರು ಒಂದೇ ಬಗೆಯದಾದರೂ ಬೀಜದ ಗುಣ ಬೇರೆ, ಕೇಳಿಯೇ ಕೊಳ್ಳಿ. ಜವಾರಿ ಬೀಜ ಬೇಕಿದ್ದರೆ ಸಂತೆಯಲ್ಲಿ ನೆಲದ ಮೇಲೆ ಸೊಪ್ಪು ಹರವಿಕೊಂಡು ಕೂತ ಅಜ್ಜಿಯರನ್ನು ಕೇಳಿ. ನಾಲ್ಕು ವಾರ ಅವರಲ್ಲೇ ಪಲ್ಯ ಕೊಂಡರೆ ಐದನೆಯ ವಾರ ಬೀಜ ತಾನೇ ಬರುತ್ತದೆ.

3. ಮೊದಲ ವರ್ಷ ಬೆರೆಯದ ಬೆಳೆ ಹಿಡಿಯಿರಿ

ಚವಳಿ, ಅಲಸಂದಿ, ಅವರೆ, ಮೆಂತ್ಯ, ಟೊಮ್ಯಾಟೊ ಬಹುಪಾಲು ತಮ್ಮ ಹೂವಿನಲ್ಲೇ ಪರಾಗ ಕಟ್ಟಿಕೊಳ್ಳುತ್ತವೆ. ಪಕ್ಕದ ಮನೆಯ ತಳಿಯ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಇವುಗಳಲ್ಲಿ ಕೈ ಪಳಗಿದ ಮೇಲೆ ಬದನೆ, ಮೆಣಸು, ಬೆಂಡೆಗೆ ಹೋಗಿ, ಆಮೇಲೆ ಬಳ್ಳಿಗಳಿಗೆ. ಗಾಳಿಯಲ್ಲಿ ಬೆರೆಯುವ ರಾಜಗಿರಿ, ಹುಳದಿಂದ ಬೆರೆಯುವ ಸಬ್ಬಸಗಿ, ಕೊತ್ತಂಬರಿಗಳಲ್ಲಿ ಒಂದೇ ಗಿಡದ ಬೀಜ ಹಿಡಿಯಬೇಡಿ. ಹತ್ತಾರು ಗಿಡಗಳ ಬೀಜ ಕೂಡಿಸಿದರೆ ತಳಿಯ ಕಸುವು ಉಳಿಯುತ್ತದೆ.

4. ಕಾಯಿ ನೋಡುವ ಮೊದಲು ಗಿಡ ನೋಡಿ

ಚೆನ್ನಾಗಿರುವುದನ್ನೆಲ್ಲ ಉಂಡು ಕೊನೆಗೆ ಉಳಿದದ್ದನ್ನು ಬೀಜಕ್ಕೆ ಬಿಟ್ಟರೆ ತಳಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆರಂಭದಲ್ಲೇ ಗಟ್ಟಿ ಗಿಡ ಆರಿಸಿ, ಬಣ್ಣದ ಚಿಂದಿ ಕಟ್ಟಿ, ಅದಕ್ಕೆ ಯಾರೂ ಕೈ ಹಚ್ಚಬಾರದು ಎಂದು ಮನೆಯಲ್ಲಿ ಹೇಳಿಬಿಡಿ. ಸೊಪ್ಪಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಎಲ್ಲಕ್ಕಿಂತ ಮೊದಲು ಹೂವಿಗೆ ಬಂದ ಗಿಡದ ಬೀಜ ಬೇಗ ಸಿಗುತ್ತದೆ ಎಂದು ಅದನ್ನೇ ಹಿಡಿಯುವುದು ರೂಢಿ. ಹಾಗೆ ಮಾಡಿದರೆ ಮುಂದಿನ ಪೀಳಿಗೆಯೂ ಬೇಗ ಹೂ ಬಿಟ್ಟು ಎಲೆ ಕಡಿಮೆ ಕೊಡುತ್ತದೆ. ತಡವಾಗಿ ಹೂ ಬಿಡುವ, ಎಲೆ ತುಂಬಿದ ಗಿಡವೇ ಬೀಜಕ್ಕೆ ಯೋಗ್ಯ.

5. ಪುಂಡಿಗೆ ಅದರದೇ ಪಂಚಾಂಗವಿದೆ

ಪುಂಡಿ ಹಗಲು ಚಿಕ್ಕದಾಗುತ್ತ ಬಂದಂತೆ ಹೂ ಬಿಡುವ ಗಿಡ. ಜೂನಿನಲ್ಲಿ ಬಿತ್ತಿದ್ದೂ ಆಗಸ್ಟಿನಲ್ಲಿ ಬಿತ್ತಿದ್ದೂ ಸುಮಾರು ಒಂದೇ ಹೊತ್ತಿಗೆ ಹೂವಾಗುತ್ತವೆ. ಪಲ್ಯಕ್ಕೆ ಮುಂಗಾರಿನಲ್ಲೇ ಬಿತ್ತಿ, ಕುಡಿ ಚಿವುಟುತ್ತಿರಿ. ಬೀಜಕ್ಕೆಂದು ಒಂದು ಸಾಲು ತಡವಾಗಿ ಬಿತ್ತಿ, ಅದನ್ನು ಚಿವುಟಬೇಡಿ. ಗಿಡ ಆಳೆತ್ತರ ಹೋಗದೆ ಕೈಗೆಟಕುವಂತೆ ಇರುತ್ತದೆ. ಕಾಯಿಯ ಸಣ್ಣ ಸುಂಕು ಕೈಗೆ ನವೆ ತರುತ್ತದೆ. ಆದ್ದರಿಂದ ಒಣಗಿದ ಕಾಯಿಗಳನ್ನು ಚೀಲದಲ್ಲಿ ಹಾಕಿ ಕೋಲಿನಿಂದ ಬಡಿದು, ಮೊರದಲ್ಲಿ ಕೇರಿ.

6. ಹೀರೆ, ಸೋರೆಯ ಹೂವಿಗೆ ದಾರ ಕಟ್ಟಿ

ಬೇಲಿಯಲ್ಲಿ ತಾನಾಗಿ ಹಬ್ಬುವ ಕಹಿ ಹೀರೆಯ ಪರಾಗ ಹುಳುವಿನ ಮೂಲಕ ಹಿತ್ತಲ ಹೀರೆಗೆ ತಲುಪುತ್ತದೆ. ಆ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ. ಕಹಿ ಕಾಣಿಸುವುದು ಅದರ ಬೀಜ ಬಿತ್ತಿದ ಮುಂದಿನ ವರ್ಷ. ಹೀರೆ, ಸೋರೆಯ ಹೂ ಅರಳುವುದು ಸಂಜೆ. ಆ ದಿನ ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳ ತುದಿಗೆ ಮಧ್ಯಾಹ್ನವೇ ದಾರ ಸುತ್ತಿ. ಹೆಣ್ಣು ಮೊಗ್ಗಿನ ಕೆಳಗೆ ಎಳೆ ಕಾಯಿಯ ಆಕಾರವಿರುತ್ತದೆ, ಗುರುತು ತಪ್ಪುವುದಿಲ್ಲ. ಸಂಜೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಕಟ್ಟಿ. ಕುಂಬಳ, ಸೌತೆ, ಹಾಗಲದ ಹೂ ಬೆಳಗ್ಗೆ ಅರಳುತ್ತದೆ, ಅವಕ್ಕೆ ಹಿಂದಿನ ಸಂಜೆ ದಾರ ಕಟ್ಟಬೇಕು. ಖರ್ಚು ಒಂದು ಗೇಣು ದಾರ. ಅತಿ ಕಹಿಯಾದ ಹೀರೆ, ಸೋರೆ ಸಿಕ್ಕರೆ ಉಗುಳಿ, ತಿನ್ನಬೇಡಿ. ಅದು ವಿಷ.

7. ಬಿಸಿಲಿಗೂ ತೇವಕ್ಕೂ ಹೆದರಿ

ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ಶಹಾಬಾದ್ ಕಲ್ಲಿನ ಹಾಸು ಅದಕ್ಕಿಂತಲೂ ಕಾಯುತ್ತದೆ. ಹಸಿ ಬೀಜವನ್ನು ಅದರ ಮೇಲೆ ಹರವಿದರೆ ಒಳಗಿನ ಜೀವ ಬೇಯುತ್ತದೆ. ಬಟ್ಟೆಯ ಮೇಲೆ ಹರವಿ, ಎಳೆ ಬಿಸಿಲು ಕೊಟ್ಟು, ಉಳಿದ ಹೊತ್ತು ನೆರಳಲ್ಲಿ ಒಣಗಿಸಿ. ಟೊಮ್ಯಾಟೊ ಬೀಜವನ್ನು ತಿರುಳಿನ ಸಮೇತ ಎರಡು ದಿನ ಹುಳಿಗೆ ಬಿಟ್ಟು ತೊಳೆದರೆ ಸುತ್ತಲಿನ ಲೋಳೆ ಬಿಡುತ್ತದೆ. ಒಣಗಿದ ಬೀಜದಲ್ಲಿ ತೇವ ನೂರಕ್ಕೆ ಒಂದಂಶ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಹಳೆಯ ಸೂತ್ರ. ಔಷಧಿಯ ಖಾಲಿ ಗಾಜಿನ ಬಾಟಲಿ, ತಳದಲ್ಲಿ ಆರಿದ ಬೂದಿ, ಮೇಲೆ ಬೀಜದ ಪೊಟ್ಟಣ, ಬಿಗಿ ಮುಚ್ಚಳ: ಇಷ್ಟೇ ಸಾಕು. ಅವರೆ, ಅಲಸಂದಿಗೆ ಬೂದಿ ಸವರಿದರೆ ನುಸಿ ಕಡಿಮೆ. ತಗಡಿನ ಸೂರಿನ ಕೆಳಗೂ ನೀರಿನ ಹರವಿಯ ಪಕ್ಕವೂ ಇಡಬೇಡಿ. ಕಲ್ಲುಗೋಡೆಯ ಒಳಕೋಣೆ ತಕ್ಕ ಜಾಗ. ಹೆಸರು, ತಂದ ಮನೆ, ಹಿಡಿದ ತಿಂಗಳು ಬರೆದ ಚೀಟಿಯನ್ನು ಒಳಗೇ ಹಾಕಿ.

ಮೃಗಶಿರಕ್ಕೆ ಮುಂಚೆ ಪ್ರತಿ ಪೊಟ್ಟಣದಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಂಟು ಮೊಳೆತರೆ ಬೀಜ ಚೆನ್ನಾಗಿದೆ. ಐದು ಮೊಳೆತರೆ ದಟ್ಟವಾಗಿ ಬಿತ್ತಿ ಆ ವರ್ಷವೇ ಹೊಸ ಬೀಜ ಹಿಡಿಯಿರಿ. ಉಳ್ಳಾಗಡ್ಡಿ ಬೀಜದ ಆಯಸ್ಸು ತೀರ ಕಡಿಮೆ, ವರ್ಷ ದಾಟಿದ್ದನ್ನು ನಂಬಬೇಡಿ.

8. ಅರ್ಧ ಬೀಜ ಬೇರೆ ಮನೆಯಲ್ಲಿರಲಿ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ಕಾಳುಕಡಿ ಇಟ್ಟ ಮನೆಗಳೇ ನೀರಲ್ಲಿ ನಿಂತವು. ಒಂದೇ ಮನೆಯಲ್ಲಿರುವ ಬೀಜಕ್ಕೆ ಭದ್ರತೆ ಇಲ್ಲ. ಹೊಳೆ ದಂಡೆಯವರು ಆಳಂದದ ಕಡೆಯ ಬೀಗರ ಮನೆಯಲ್ಲಿ ಒಂದು ಪಾಲು ಇಡಲಿ. ಬೀಜ ಕೊಟ್ಟಾಗ ದುಡ್ಡು ಕೇಳಬೇಡಿ, ಸುಗ್ಗಿಯಲ್ಲಿ ಇಮ್ಮಡಿ ಬೀಜ ಕೇಳಿ. ನಮ್ಮ ಗಡಿಯಾಚೆ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಬೆಳೆಸಿದ ಪದ್ಧತಿ ಇದೇ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ, ಬೀಜ ಬ್ಯಾಂಕು ಕಟ್ಟಿ ಸಿರಿಧಾನ್ಯ ಉಳಿಸಿದ ಕೆಲಸಕ್ಕಾಗಿ, 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿದೆ. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ.

ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಭಜ್ಜಿಯಲ್ಲಿ ಬಿದ್ದ ಒಂದೊಂದು ಪಲ್ಯ, ಒಂದೊಂದು ಕಾಳು ಯಾರ ಹಿತ್ತಲದ್ದು ಎಂದು ಹಿರಿಯ ಹೆಂಗಸರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಅದರಲ್ಲಿ ಪೇಟೆಯಲ್ಲಿ ಸಿಗದ ಒಂದನ್ನು ಆರಿಸಿ. ಬರುವ ಮುಂಗಾರಿಗೆ ಅದನ್ನು ಬಿತ್ತಿ, ಗಟ್ಟಿ ಗಿಡ ನೋಡಿ ಬೀಜಕ್ಕೆ ಬಿಡಿ, ಹಿಡಿದ ಬೀಜವನ್ನು ಇಬ್ಬರಿಗೆ ಕೊಡಿ. ಒಂದು ಮನೆ ವರ್ಷಕ್ಕೆ ಒಂದು ತಳಿ ಉಳಿಸಿದರೂ ಊರಿನ ಪಲ್ಯ ಊರಲ್ಲೇ ಉಳಿಯುತ್ತದೆ.