ಜಾಲಪುಟದ ಭಾಷೆಗಳೂ ಅವುಗಳ ವ್ಯಾಕರಣವೂ

ಸರಳಲೋಲಕವೊಂದು 20 ಆಂದೋಲನಗಳನ್ನು ಮುಗಿಸಲು ಮೊದಲ ಸಲ 40 ಸೆಕೆಂಡುಗಳನ್ನೂ ಎರಡನೆಯ ಸಲ 42 ಸೆಕೆಂಡುಗಳನ್ನೂ ತೆಗೆದುಕೊಂಡಿತೆನ್ನೋಣ. ಸರಾಸರಿ 41 ಎಂದು ಯಾರಾದರೂ ಹೇಳಬಲ್ಲರು. ಆದರೆ ಈ ಲೆಕ್ಕಕ್ಕಾಗಿ ನಮ್ಮ ವಿದ್ಯಾರ್ಥಿಯೊಬ್ಬನು ಸಿದ್ಧಪಡಿಸಿದ ಜಾಲಪುಟವು 2021 ಎಂದು ಉತ್ತರವಿತ್ತಿತು! ತಪ್ಪೆಂಬ ಸೂಚನೆ ಎಲ್ಲಿಯೂ ಇರಲಿಲ್ಲ. ಇದರ ಕಾರಣವನ್ನು ಅರಿಯಬೇಕಾದರೆ ಜಾಲಪುಟದ ಭಾಷೆಗಳ ಪರಿಚಯ ಅವಶ್ಯಕ.

ಸಾಮಾನ್ಯವಾಗಿ ಒಂದು ಜಾಲಪುಟದಲ್ಲಿ ಮೂರು ಭಾಷೆಗಳು ಕೂಡಿ ಕೆಲಸಮಾಡುವುವು. ಮೊದಲನೆಯದು ಎಚ್‌ಟಿಎಮ್‌ಎಲ್. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ವೆಬ್‌ನ ಯೋಜನೆಯನ್ನು ಮುಂದಿಟ್ಟು, ಅನಂತರ ಈ ಭಾಷೆಯನ್ನು ರೂಪಿಸಿದರು. ಇದು ಲೆಕ್ಕ ಮಾಡುವ ಭಾಷೆಯಲ್ಲ. ಶೀರ್ಷಿಕೆ ಯಾವುದು, ಪರಿಚ್ಛೇದ ಯಾವುದು ಎಂದು ಬರಹದ ಭಾಗಗಳನ್ನು ಗುರುತಿಸುವ ಭಾಷೆ. ಗುರುತನ್ನು ಕೋನಾಕಾರದ ಆವರಣ ಚಿಹ್ನೆಗಳೊಳಗೆ ಬರೆಯತಕ್ಕದ್ದು. ಮುಕ್ತಾಯದ ಗುರುತಿನಲ್ಲಿ ಓರೆಗೆರೆಯೊಂದು ಹೆಚ್ಚಾಗಿರುವುದು. ಬೀಜಗಣಿತದ ಆವರಣಗಳಲ್ಲಿರುವಂತೆ, ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕು.

ಎರಡನೆಯದು ಸಿಎಸ್‌ಎಸ್. ಇದನ್ನು 1994ರಲ್ಲಿ ಹೋಕಾನ್ ವಿಯಮ್ ಲೀ ಎಂಬವರು ಸೂಚಿಸಿದರು. ಬಣ್ಣ, ಅಳತೆ, ಅಂತರಗಳನ್ನು ಗೊತ್ತುಪಡಿಸುವುದು ಇದರ ಕೆಲಸ. ಯಾವ ಭಾಗಕ್ಕೆ ನಿಯಮವೆಂಬುದನ್ನು ಮೊದಲು ಹೇಳಿ, ಪುಷ್ಪಾವರಣದೊಳಗೆ ಗುಣದ ಹೆಸರು, ಎರಡು ಚುಕ್ಕೆ, ಬೆಲೆ, ಅರ್ಧವಿರಾಮ ಎಂಬ ಕ್ರಮದಲ್ಲಿ ಬರೆಯಬೇಕು.

ಮೂರನೆಯದು ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು ಇದನ್ನು ರಚಿಸಿದರು. ಲೆಕ್ಕ, ಹೋಲಿಕೆ, ನಿರ್ಧಾರಗಳೆಲ್ಲ ಇದರ ಪಾಲಿಗೆ ಸೇರಿದುವು.

ತಪ್ಪನ್ನು ಕಂಡಾಗ ಈ ಮೂರರ ವರ್ತನೆ ಬೇರೆ ಬೇರೆ. ಎಚ್‌ಟಿಎಮ್‌ಎಲ್‌ನಲ್ಲಿ ಗುರುತೊಂದನ್ನು ಮುಚ್ಚಲು ಮರೆತರೆ ಬ್ರೌಸರು ತಾನೇ ಸರಿಪಡಿಸಿಕೊಂಡು ಪುಟವನ್ನು ತೋರಿಸುವುದು. ದಪ್ಪಕ್ಷರದ ಗುರುತನ್ನು ಮುಚ್ಚದಿದ್ದರೆ ಮುಂದಿನ ಬರಹವೂ ದಪ್ಪವಾದೀತು, ಅಷ್ಟೆ. ಸಿಎಸ್‌ಎಸ್‌ನಲ್ಲಿ ಎರಡು ಸಾಲುಗಳ ನಡುವಣ ಅರ್ಧವಿರಾಮ ಬಿಟ್ಟುಹೋದರೆ ಆ ಎರಡೂ ಸಾಲುಗಳು ವ್ಯರ್ಥವಾಗಿ, ಉಳಿದುವು ನಡೆಯುವುವು. ಜಾವಾಸ್ಕ್ರಿಪ್ಟ್ ಮಾತ್ರ ಕಠಿಣ. ಒಂದು ಪುಷ್ಪಾವರಣವನ್ನು ಮುಚ್ಚದಿದ್ದರೂ ಆ ಬರಹದ ಒಂದು ಆಜ್ಞೆಯೂ ನಡೆಯದು. ಆಗ ಬ್ರೌಸರಿನ ಕನ್ಸೋಲ್ ಸಾಲಿನ ಸಂಖ್ಯೆಯೊಡನೆ ದೋಷವನ್ನು ತಿಳಿಸುವುದು. ಆದರೆ ಆ ಸಂಖ್ಯೆ ದೋಷವು ಗೋಚರವಾದ ಸ್ಥಳದ್ದು. ಮೂಲವು ಎಷ್ಟೋ ಸಾಲುಗಳ ಹಿಂದಿರಬಹುದು.

ಹಾಗಾದರೆ 2021 ಎಲ್ಲಿಂದ ಬಂದಿತು? ಪುಟದ ಪೆಟ್ಟಿಗೆಯಲ್ಲಿ ನಾವು ತುಂಬಿದುದು ಜಾವಾಸ್ಕ್ರಿಪ್ಟಿಗೆ ಅಕ್ಷರಮಾಲೆಯಾಗಿ ತಲುಪುವುದು, ಸಂಖ್ಯೆಯಾಗಿ ಅಲ್ಲ. ಅಕ್ಷರಮಾಲೆಗಳ ನಡುವೆ + ಚಿಹ್ನೆ ಬಂದರೆ ಕೂಡಿಸುವುದಿಲ್ಲ, ಜೋಡಿಸುವುದು. ಆದುದರಿಂದ "40" + "42" ಎಂಬುದು "4042" ಆಯಿತು. ಭಾಗಾಕಾರಕ್ಕೆ ಜೋಡಣೆಯ ಅರ್ಥವಿಲ್ಲವಾಗಿ, ಅಲ್ಲಿ ಅದೇ ಮಾಲೆಯು ಸಂಖ್ಯೆಯಾಗಿ ಮಾರ್ಪಟ್ಟು, 2ರಿಂದ ಭಾಗಿಸಲ್ಪಟ್ಟು 2021 ದೊರೆಯಿತು. ಪೆಟ್ಟಿಗೆಯಿಂದ ಬಂದುದನ್ನು ಮೊದಲೇ ಸಂಖ್ಯೆಯಾಗಿ ಪರಿವರ್ತಿಸಿಕೊಂಡಿದ್ದರೆ 41 ಬರುತ್ತಿದ್ದಿತು.

ಇಲ್ಲಿ ವ್ಯಾಕರಣದೋಷವಿರಲಿಲ್ಲ, ಅರ್ಥದೋಷವಿದ್ದಿತು. ವ್ಯಾಕರಣದ ತಪ್ಪನ್ನು ಯಂತ್ರವು ಹಿಡಿಯಬಲ್ಲುದು. ಅರ್ಥದ ತಪ್ಪನ್ನು ನಾವೇ ಹಿಡಿಯಬೇಕು. ಅಳತೆಗಳು 40 ಮತ್ತು 42 ಆಗಿದ್ದುದರಿಂದ 2021 ಅಸಂಬದ್ಧವೆಂದು ಕೂಡಲೆ ತಿಳಿಯಿತು. ಇನ್ನೂ ತೊಡಕಾದ ಲೆಕ್ಕದಲ್ಲಿ ಇಂತಹ ತಪ್ಪು ಕಣ್ತಪ್ಪಿ ಹೋಗಬಹುದು. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ತಿಳಿದ ಅಳತೆಯಿಂದ ಪರೀಕ್ಷಿಸುವಂತೆ, ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಕೊಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ವಾಚಕರು ಬ್ರೌಸರಿನ ಕನ್ಸೋಲ್ ತೆರೆದು "5" + 2 ಎಂದೂ, ಅನಂತರ "5" - 2 ಎಂದೂ ಬರೆದು ನೋಡಲಿ. ಮೊದಲನೆಯದರಿಂದ "52", ಎರಡನೆಯದರಿಂದ 3 ಬರುವುದು. ಕಾರಣವನ್ನು ತಾವೇ ವಿವರಿಸಬಲ್ಲವರು ಈ ಪಾಠವನ್ನು ಗ್ರಹಿಸಿದಂತೆಯೇ ಸರಿ.