ಶಿಲೆಯಲ್ಲಿದ್ದ ವೃಕ್ಷ

1941ರಲ್ಲಿ ಜಪಾನಿನ ವಿಜ್ಞಾನಿ ಶಿಗೆರು ಮಿಕಿ ಅವರು ಸಸ್ಯಗಳ ಪಳೆಯುಳಿಕೆಗಳನ್ನು ಪರೀಕ್ಷಿಸಿ, ಸೆಕ್ವೋಯ ಮರದವೆಂದು ಬಗೆಯಲಾಗಿದ್ದ ಕೆಲವು ರೆಂಬೆಗಳು ಬೇರೊಂದು ಮರದವೆಂದು ತೋರಿಸಿಕೊಟ್ಟರು. ಅವುಗಳಲ್ಲಿ ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿದ್ದವು, ಸೆಕ್ವೋಯದಲ್ಲಿ ಹಾಗಿರುವುದಿಲ್ಲ. ಈ ಮರಕ್ಕೆ ಅವರು ಮೆಟಾಸೆಕ್ವೋಯ ಎಂದು ಹೆಸರಿಟ್ಟರು. ಅದು ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ವಿದ್ವಾಂಸರು ನಂಬಿದ್ದರು.

ಆದರೆ ಅದೇ ಕಾಲದಲ್ಲಿ ಮಧ್ಯ ಚೀನಾದ ಮೊದಾವೋಚಿ ಎಂಬ ಹಳ್ಳಿಯಲ್ಲಿ ಆ ಜಾತಿಯ ಹೆಮ್ಮರವೊಂದು ಹಸುರಾಗಿ ನಿಂತಿತ್ತು. ಹಳ್ಳಿಗರು ಅದನ್ನು ‘ಶುಯಿಷಾ’, ಎಂದರೆ ನೀರಿನ ಫರ್ ಮರ, ಎಂದು ಕರೆಯುತ್ತಿದ್ದರು. ಅದರ ಬುಡದಲ್ಲಿ ಚಿಕ್ಕದೊಂದು ಗುಡಿಯೂ ಇತ್ತು. ಪಂಡಿತರ ಪಾಲಿಗೆ ಇಲ್ಲವಾಗಿದ್ದ ಮರ ಪಾಮರರ ಪಾಲಿಗೆ ದೇವರ ನೆರಳಾಗಿತ್ತು! 1943ರಲ್ಲಿ ಅರಣ್ಯತಜ್ಞ ವಾಂಗ್ ಝಾನ್ ಅದರ ರೆಂಬೆ ಕಾಯಿಗಳನ್ನು ಸಂಗ್ರಹಿಸಿದರು. ಅದು ಮಿಕಿಯವರು ಹೆಸರಿಸಿದ ಮರವೇ ಎಂಬುದನ್ನು 1946ರಲ್ಲಿ ಹು ಷಿಯನ್‌ಸು ಗುರುತಿಸಿದರು.

ಈ ವಾರ್ತೆ ಅಮೆರಿಕದ ಬೋಸ್ಟನ್ ನಗರದ ಆರ್ನಲ್ಡ್ ವೃಕ್ಷೋದ್ಯಾನವನ್ನು ತಲುಪಿತು. ಅಲ್ಲಿನ ಎಲ್ಮರ್ ಮೆರಿಲ್ ಅವರು ಬೀಜ ಸಂಗ್ರಹಣೆಗೆಂದು 250 ಡಾಲರ್ ಕಳುಹಿಸಿದರು. ಇಷ್ಟು ಅಲ್ಪ ಹಣದಿಂದ ಇಷ್ಟು ದೊಡ್ಡ ಕಾರ್ಯ ನಡೆದುದು ವಿರಳ. 1948ರ ಜನವರಿಯಲ್ಲಿ ಬೀಜಗಳು ಬಂದವು. ಉದ್ಯಾನದವರು ಅವನ್ನು ತಾವೇ ಇಟ್ಟುಕೊಳ್ಳದೆ, ಹಲವು ದೇಶಗಳ ನೂರಾರು ತೋಟಗಳಿಗೆ ಹಂಚಿದರು.

ಬೀಜಗಳು ಸುಲಭವಾಗಿ ಮೊಳೆತವು. ಕತ್ತರಿಸಿ ನೆಟ್ಟ ಎಳೆಯ ರೆಂಬೆಗಳೂ ಬೇರು ಬಿಟ್ಟವು. ತೇವವುಳ್ಳ ಮಣ್ಣೂ ಬಿಸಿಲೂ ದೊರೆತರೆ ಈ ಮರ ಭರದಿಂದ ಬೆಳೆಯುತ್ತದೆ; ಬೋಸ್ಟನ್ನಿನಲ್ಲಿ ಅಂದು ಬಿತ್ತಿದ ಬೀಜದ ಮರಗಳು ಇಂದು 30 ಮೀಟರನ್ನು ಮೀರಿವೆ. ಇದು ಪೈನ್ ಮರದ ದೂರದ ಬಂಧುವಾದರೂ ನಿತ್ಯಹಸುರಲ್ಲ. ಶರತ್ಕಾಲದಲ್ಲಿ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿ ಉದುರುತ್ತವೆ. ಅರಿಯದವರು ಮರ ಸತ್ತಿತೆಂದೇ ಭಾವಿಸಿಯಾರು.

ಇಷ್ಟಾದರೂ ಆತಂಕ ತೀರಿಲ್ಲ. ಒಂಟಿಯಾಗಿ ನಿಂತ ಮರ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೆ ಬೀಜಗಳಲ್ಲಿ ಬಹುಪಾಲು ಜೊಳ್ಳಾಗುತ್ತವೆ. ಆದುದರಿಂದ ಬೇರೆ ಬೇರೆ ತಾಯಿಮರಗಳ ಸಸಿಗಳನ್ನು ಒಂದೆಡೆ ಬೆಳೆಸಬೇಕಾಗುತ್ತದೆ. ತವರಿನ ಕಣಿವೆಯಲ್ಲಿ ಹಳೆಯ ಮರಗಳು ಸುಮಾರು ಐದು ಸಾವಿರ ಮಾತ್ರ. ಅವುಗಳ ಬೀಜ ಬಿದ್ದು ಮೊಳೆಯಬೇಕಾದ ತೊರೆಯ ದಡಗಳು ಬಹುಮಟ್ಟಿಗೆ ಭತ್ತದ ಗದ್ದೆಗಳಾಗಿವೆ. ಮರಗಳ ಕೆಳಗೆ ಸಸಿಗಳು ಕಾಣಸಿಗುವುದೇ ಅಪರೂಪ.