ತಂಡಿಗೆ ಬಗ್ಗದ ಬಿಸ್ಕತ್ತು: ಬಸ್ರೂರಿನ ಒಲೆಯಲ್ಲಿ ಬಿಸ್ಕೊಟ್ಟಿ

ಕರಾವಳಿಯಲ್ಲಿ ಮನೆಯಲ್ಲೇ ಬಿಸ್ಕತ್ತು ಮಾಡುವವರಿಗೆ ದೊಡ್ಡ ತಲೆನೋವು ಗಾಳಿಯಲ್ಲಿರುವ ತಂಡಿ. ವಾರಾಹಿ ಹೊಳೆಯ ದಡದ ಬಸ್ರೂರಿನಂಥ ಊರಿನಲ್ಲಿ ಬೆಣ್ಣೆ ಬಿಸ್ಕತ್ತು ಎಷ್ಟೇ ಚೆನ್ನಾಗಿ ಬೆಂದಿರಲಿ, ಡಬ್ಬಿಯ ಮುಚ್ಚಳ ನಾಲ್ಕು ಸಲ ತೆರೆದರೆ ಮೆತ್ತಗಾಗುತ್ತದೆ. ಅದಕ್ಕೇ ಹೊಸದಾಗಿ ಬೇಕಿಂಗ್ ಕಲಿಯುವವರಿಗೆ ನಾನು ಮೊದಲು ಹೇಳುವುದು ಇಟಲಿಯ ಬಿಸ್ಕೊಟ್ಟಿಯನ್ನು. ಅದರಲ್ಲಿ ಬೆಣ್ಣೆ, ಎಣ್ಣೆ, ಹಾಲು ಯಾವುದೂ ಇಲ್ಲ. ಮೈದಾ, ಸಕ್ಕರೆ, ಮೊಟ್ಟೆ, ಬಾದಾಮಿ ಇಷ್ಟಿದ್ದರೆ ಸಾಕು. ಹಿಟ್ಟನ್ನು ದಿಂಡಿನಂತೆ ಉದ್ದಕ್ಕೆ ಮಾಡಿ ಒಮ್ಮೆ ಬೇಯಿಸಿ, ಹೋಳು ಕೊಯ್ದು, ಇನ್ನೊಮ್ಮೆ ಸಣ್ಣ ಕಾವಿನಲ್ಲಿ ಒಣಗಿಸಬೇಕು. ಬೇಕರಿಯ ರಸ್ಕ್ ಆಗುವುದೂ ಹೀಗೆಯೇ, ಎರಡು ಸಲ ಬೆಂದು.

ಯುರೋಪಿನ ನಾವಿಕರು ತಿಂಗಳುಗಟ್ಟಲೆ ಕಡಲಲ್ಲಿದ್ದಾಗ ತಿನ್ನುತ್ತಿದ್ದದ್ದು ನೀರಿನಂಶ ಪೂರ್ತಿ ಆರಿಸಿದ ಇಂಥದೇ ಗಟ್ಟಿ ಬಿಸ್ಕತ್ತು. ಬಾರ್ಸೆಲೋರ್ ಎಂಬ ಹೆಸರಿನಲ್ಲಿ ಬಸ್ರೂರನ್ನು ಬಲ್ಲ ಪೋರ್ಚುಗೀಸರ ಹಡಗುಗಳಲ್ಲೂ ಅದೇ ಬುತ್ತಿ. ಇಲ್ಲಿಂದ ಅವರು ಒಯ್ಯುತ್ತಿದ್ದದ್ದು ಅಕ್ಕಿ. ಇಟಲಿಯ ನಂಟೂ ಊರಿಗೆ ಇದೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕರ ಆಸ್ಥಾನ ನೋಡಿ, ಘಟ್ಟ ಇಳಿದು ಬಸ್ರೂರಿಗೆ ಬಂದು, ಇಲ್ಲಿಂದ ಮಂಗಳೂರಿನ ಕಡೆಗೆ ಹೋದ. ಬಸ್ರೂರಿನ ಚರ್ಚ್ ಯಾರ ಹೆಸರಿನಲ್ಲಿದೆಯೋ ಆ ಸಂತ ಫಿಲಿಪ್ ನೇರಿ 1515ರಲ್ಲಿ ಹುಟ್ಟಿದ್ದು ಫ್ಲಾರೆನ್ಸ್‌ನಲ್ಲಿ. ಬಾದಾಮಿ ಬಿಸ್ಕೊಟ್ಟಿಗೆ ಹೆಸರಾದ ಪ್ರಾತೊ ಫ್ಲಾರೆನ್ಸ್‌ಗೆ ತೀರಾ ಹತ್ತಿರದ ಪಟ್ಟಣ. ಅಲ್ಲಿ ಅಂತೋನಿಯೊ ಮತ್ತೇಯಿ 1858ರಲ್ಲಿ ತೆರೆದ ಬಿಸ್ಕತ್ತಿನ ಅಂಗಡಿ ಈಗಲೂ ನಡೆಯುತ್ತಿದೆ.

ಆ ಕಡೆಯ ಮನೆಗಳಲ್ಲಿ ಬಿಸ್ಕೊಟ್ಟಿಯ ಅಳತೆ ಮನೆಯಿಂದ ಮನೆಗೆ ಬೇರೆ. ಒಬ್ಬರು ಸೋಂಪು ಹಾಕಿದರೆ ಇನ್ನೊಬ್ಬರು ಕಿತ್ತಳೆ ಸಿಪ್ಪೆ ತುರಿದು ಹಾಕುತ್ತಾರೆ. ನಮ್ಮ ಮನೆಯಲ್ಲಿ ನಡೆದು ಬಂದದ್ದು ಈ ಅಳತೆ.

ಬೇಕಾದ್ದು

ಮೈದಾ 250 ಗ್ರಾಂ, ಸಕ್ಕರೆ 150 ಗ್ರಾಂ, ಮೊಟ್ಟೆ 2, ಸಿಪ್ಪೆ ಸಮೇತ ಇಡೀ ಬಾದಾಮಿ 125 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಚಿಟಿಕೆ ಉಪ್ಪು, ಒಂದು ಕಿತ್ತಳೆಯ ಅಥವಾ ಎರಡು ನಿಂಬೆಹಣ್ಣಿನ ಸಿಪ್ಪೆಯ ತುರಿ. ಸಿಪ್ಪೆಯ ಬಣ್ಣದ ಭಾಗವನ್ನು ಮಾತ್ರ ತುರಿಯಿರಿ, ಒಳಗಿನ ಬಿಳಿ ಕಹಿ. ಹಿಟ್ಟು ಸಕ್ಕರೆಗಳನ್ನು ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲೇ ತೂಗಿ. ಈ ತಿಂಡಿಯಲ್ಲಿ ಸರಿತಪ್ಪು ಅಲ್ಲೇ ತೀರ್ಮಾನವಾಗುತ್ತದೆ.

ಬಾದಾಮಿಯ ಬದಲು ಗೋಡಂಬಿ ಹಾಕಬಹುದೇ? ಖಂಡಿತ ಹಾಕಬಹುದು, ಕುಂದಾಪುರ ಸುತ್ತ ಇಷ್ಟೊಂದು ಗೇರುಬೀಜ ಕಾರ್ಖಾನೆಗಳಿರುವಾಗ ಹಾಕದಿರುವುದೇ ತಪ್ಪು. ಇಡೀ ಬೀಜಕ್ಕೆ ದುಡ್ಡು ಸುರಿಯಬೇಡಿ, ಎರಡಾಗಿ ಸೀಳಿದ ಹೋಳು ಅಗ್ಗ, ಕೊಯ್ಯುವಾಗಲೂ ಅದೇ ಸಲೀಸು. ಒಂದೇ ಎಚ್ಚರಿಕೆ: ಬಾದಾಮಿಯನ್ನು ಮೊದಲೇ ಹುರಿದರೆ ಘಮ ಬರುತ್ತದೆ, ಗೋಡಂಬಿಯನ್ನು ಹುರಿಯದೆ ಹಾಗೇ ಹಾಕಿ. ಹುರಿದರೆ ಎರಡನೇ ಬೇಯಿಸುವಿಕೆಯಲ್ಲಿ ಕಪ್ಪಾಗುತ್ತದೆ.

ಮೊದಲ ಸಲ

ಓವನ್ನನ್ನು 180 ಡಿಗ್ರಿಗೆ ಹಚ್ಚಿ ಹದಿನೈದು ನಿಮಿಷ ಕಾಯಲು ಬಿಡಿ. ಮೊಟ್ಟೆ, ಸಕ್ಕರೆ, ಸಿಪ್ಪೆಯ ತುರಿಯನ್ನು ಬಣ್ಣ ತಿಳಿಯಾಗುವವರೆಗೆ ಕದಡಿ. ಮೈದಾ, ಉಪ್ಪು, ಬೇಕಿಂಗ್ ಪೌಡರ್ ಜರಡಿ ಹಿಡಿದು ಸೇರಿಸಿ, ಕೊನೆಗೆ ಬೀಜ. ಚಪಾತಿ ಹಿಟ್ಟಿನ ಹಾಗೆ ನಾದುವುದು ಬೇಡ. ಒಣಹಿಟ್ಟು ಕಾಣದಷ್ಟು ಕೂಡಿದರೆ ಕೈ ತೆಗೆಯಿರಿ. ಹಿಟ್ಟು ಕೈಗೆ ಅಂಟುತ್ತದೆ, ಅಂಟಬೇಕು. ಮೈದಾ ಸುರಿದು ಸರಿ ಮಾಡಲು ಹೋದರೆ ಬಿಸ್ಕೊಟ್ಟಿ ಕಲ್ಲಾಗುತ್ತದೆ. ಅಂಗೈಗೆ ನೀರು ಮುಟ್ಟಿಸಿಕೊಂಡು, ಬೇಕಿಂಗ್ ಕಾಗದದ ಮೇಲೆ ಎರಡು ದಿಂಡು ಮಾಡಿ: ಸುಮಾರು 25 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ. ಬೆಂದಾಗ ಹರಡುವುದರಿಂದ ನಡುವೆ ಜಾಗ ಬಿಡಿ.

25ರಿಂದ 28 ನಿಮಿಷ ಬೇಕು. ಮೇಲ್ಮೈ ತಿಳಿ ಕಂದು ಬಣ್ಣಕ್ಕೆ ಬಂದು, ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಏಳಬೇಕು.

ಕೊಯ್ಯುವ ಹದ

ಹೊರತೆಗೆದ ದಿಂಡನ್ನು ಹತ್ತು ಹದಿನೈದು ನಿಮಿಷ ಆರಲು ಬಿಡಿ. ಸುಡುಸುಡು ಇರುವಾಗ ಕೊಯ್ದರೆ ಪುಡಿಯಾಗುತ್ತದೆ, ಪೂರ್ತಿ ತಣಿದರೆ ಬೀಜದ ಜಾಗದಲ್ಲಿ ಒಡೆಯುತ್ತದೆ. ಮುಟ್ಟಿದರೆ ಬೆಚ್ಚಗಿದೆ, ಕೈ ಸುಡುವುದಿಲ್ಲ ಎಂಬಂತಿದ್ದರೆ ಅದೇ ಹದ. ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚೂರಿ ಬೇಕು. ಮೆಟ್ಟುಕತ್ತಿಯಲ್ಲಿ ಎಷ್ಟೇ ಪಳಗಿದ ಕೈಯಾದರೂ ಇದಕ್ಕೆ ಅದು ಆಗದು, ದಿಂಡನ್ನು ಅಲಗಿಗೆ ಒತ್ತುವಾಗಲೇ ಮುರಿಯುತ್ತದೆ. ಓರೆಯಾಗಿ, ಒಂದರಿಂದ ಒಂದೂವರೆ ಸೆಂ.ಮೀ. ದಪ್ಪಕ್ಕೆ, ಒತ್ತದೆ ಹಿಂದೆ ಮುಂದೆ ಎಳೆಯುತ್ತ ಕೊಯ್ಯಿರಿ.

ಎರಡನೇ ಸಲ

ಇಟಲಿಯ ಅಡುಗೆ ಪುಸ್ತಕ ನೋಡಿ ಮಾಡಿದವರು ಇಲ್ಲಿ ಸೋಲುವುದು ಈ ಹಂತದಲ್ಲಿ. ಫ್ಲಾರೆನ್ಸ್, ಪ್ರಾತೊ ಇರುವ ಟಸ್ಕನಿಯ ಒಣ ಹವೆಗೆ ಹತ್ತು ನಿಮಿಷ ಸಾಲಬಹುದು. ಬಸ್ರೂರಿಗೆ ಸಾಲದು. ಓವನ್ ಕಾವನ್ನು 140–150 ಡಿಗ್ರಿಗೆ ಇಳಿಸಿ. ಹೋಳುಗಳನ್ನು ಕೊಯ್ದ ಮುಖ ಮೇಲಾಗಿ ಮಲಗಿಸಿ, ಹನ್ನೆರಡು ನಿಮಿಷ ಒಂದು ಬದಿ, ಮಗುಚಿ ಹನ್ನೆರಡು ನಿಮಿಷ ಇನ್ನೊಂದು ಬದಿ. ಆಮೇಲೆ ಓವನ್ ಆರಿಸಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ತಣಿಯುವ ತನಕ ಒಳಗೇ ಬಿಡಿ. ಹಬೆ ಹೊರಹೋಗಲು ಆ ಸಂದಿ ಬೇಕೇ ಬೇಕು. ಕಾವು ಹೆಚ್ಚಿಸಿ ಬೇಗ ಮುಗಿಸಲು ಹೋದರೆ ಹೊರಗೆ ಕಂದು, ಒಳಗೆ ಪಸೆ. ಮರುದಿನ ಆ ಪಸೆ ಹೊರಗೆ ಬಂದು ಇಡೀ ಹೋಳು ಮೆತ್ತಗಾಗುತ್ತದೆ. ತಣಿದ ಹೋಳೊಂದನ್ನು ಮುರಿದು ನೋಡಿ. ಟಕ್ಕೆಂದು ಮುರಿಯಬೇಕು, ನಡುವೆಯೂ ಒಣಗಿರಬೇಕು. ಇಲ್ಲದಿದ್ದರೆ ಇನ್ನೂ ಹತ್ತು ನಿಮಿಷ ಒಳಗಿಡಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮರಳು ಹರಡಿ, ಚೆನ್ನಾಗಿ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು ಅದರ ಮೇಲಿನ ತಟ್ಟೆಯಲ್ಲಿ ದಿಂಡು ಬೇಯಿಸಬಹುದು. ಮುಚ್ಚಳದ ಮೇಲೆ ಗೆರಟೆಯ ಕೆಂಡ ಹಾಕಿದರೆ ಮೇಲ್ಭಾಗವೂ ಬಣ್ಣ ಹಿಡಿಯುತ್ತದೆ. ಎರಡನೇ ಸಲಕ್ಕೆ ದೋಸೆ ಕಾವಲಿ ಸಾಕು. ಎಣ್ಣೆ ಸವರದೆ, ತೀರಾ ಸಣ್ಣ ಉರಿಯಲ್ಲಿ, ಎರಡೂ ಬದಿ ಹತ್ತತ್ತು ನಿಮಿಷ. ನಿಂತು ನೋಡಿಕೊಳ್ಳಬೇಕಷ್ಟೆ.

ಮೊಟ್ಟೆ ತಿನ್ನದ ಮನೆಗಳಿಗೆ

ಎರಡು ಮೊಟ್ಟೆಯ ಬದಲು 100 ಗ್ರಾಂ ಗಟ್ಟಿ ಮೊಸರು, ಎರಡು ದೊಡ್ಡ ಚಮಚ ತುಪ್ಪ, ಬೇಕಿಂಗ್ ಪೌಡರ್ ಜತೆಗೆ ಕಾಲು ಚಮಚ ಅಡುಗೆ ಸೋಡ ಹಾಕಿ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ಇದು ರಸ್ಕ್‌ಗೆ ಹೆಚ್ಚು ಹತ್ತಿರ, ಕೊಯ್ಯುವಾಗ ಉದುರುವುದೂ ಜಾಸ್ತಿ, ತುಪ್ಪ ಇರುವ ಕಾರಣ ಬಾಳಿಕೆಯೂ ಕಡಿಮೆ. ಮೈದಾದಲ್ಲಿ 50 ಗ್ರಾಂ ತೆಗೆದು ಅಷ್ಟೇ ಅಕ್ಕಿಹಿಟ್ಟು ಸೇರಿಸಿದರೆ ಗರಿಗರಿ ಬರುತ್ತದೆ.

ಟಸ್ಕನಿಯವರು ಇದನ್ನು ಸಿಹಿ ದ್ರಾಕ್ಷಾರಸದಲ್ಲಿ ಅದ್ದಿ ತಿನ್ನುತ್ತಾರೆ. ನಮಗೆ ಕಾಫಿ ಇದೆ, ಅದೂ ಸಕ್ಕರೆ ಕಡಿಮೆ ಹಾಕಿದ್ದು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಹಂಚುವ ಮನೆಗಳಿಗೆ ಈ ಬಿಸ್ಕತ್ತು ವಿಶೇಷ ಅನುಕೂಲ; ಡಿಸೆಂಬರ್ ಮೊದಲ ವಾರದಲ್ಲೇ ಮಾಡಿಟ್ಟರೆ ಹಬ್ಬದ ಹಿಂದಿನ ದಿನಗಳ ಗಡಿಬಿಡಿ ತಪ್ಪುತ್ತದೆ.

ಡಬ್ಬಿಗೆ ತುಂಬುವ ಮುನ್ನ ಹೋಳುಗಳು ಪೂರ್ತಿ ತಣಿದಿರಲಿ, ಒಂದು ಬೆಚ್ಚಗಿದ್ದರೂ ಉಳಿದವಕ್ಕೆಲ್ಲ ಬೆವರು ಹಿಡಿಯುತ್ತದೆ. ಒಂದೇ ದೊಡ್ಡ ಡಬ್ಬಿಗಿಂತ ಬಿಗಿ ಮುಚ್ಚಳದ ಎರಡು ಮೂರು ಚಿಕ್ಕ ಡಬ್ಬಿ ಒಳ್ಳೆಯದು, ತೆರೆದದ್ದು ಮುಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಮೆತ್ತಗಾದರೆ ಎಸೆಯಬೇಡಿ. 130 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಹೊರಗೆ ತಣಿಸಿ, ಮತ್ತೆ ಡಬ್ಬಿಗೆ ಹಾಕಿ.